ಬೇಡದ ಮೊಟ್ಟೆಗಳು: ಚಿರತೆ ಹಲ್ಲಿ ಸಾಕುವವರ ಹೊಣೆ

ಗಾಜಿನ ಪೆಟ್ಟಿಗೆಯಲ್ಲಿ ಒದ್ದೆ ಪಾಚಿಯ ಅಡಿ ಎರಡು ಬಿಳಿ ಮೊಟ್ಟೆ ಕಂಡಾಗ ಮನೆಯವರಿಗೆ ಮೊದಲು ಆಗುವುದು ಸಂತೋಷ. ಮಕ್ಕಳು ಕುಣಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಕಾವು ಕೊಡುವುದು ಹೇಗೆಂಬ ಹುಡುಕಾಟ ಶುರುವಾಗುತ್ತದೆ. ಮರಿಗಳನ್ನು ಎಲ್ಲಿ ಇಡುವುದು, ಯಾರಿಗೆ ಕೊಡುವುದು ಎಂಬ ಯೋಚನೆ ಬರುವಷ್ಟರಲ್ಲಿ ಇನ್ನೆರಡು ಮೊಟ್ಟೆ ಬಿದ್ದಿರುತ್ತವೆ. ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಚಿರತೆ ಹಲ್ಲಿ ಸಾಕುವ ಮನೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುವ ಕತೆ. ಇದನ್ನು ಆಕಸ್ಮಿಕ ಎಂದು ಕರೆಯುವುದು ರೂಢಿ. ನನಗೆ ಹಾಗೆನ್ನಿಸುವುದಿಲ್ಲ. ಎರಡು ಹಲ್ಲಿಗಳನ್ನು ಒಂದೇ ಪೆಟ್ಟಿಗೆಗೆ ಬಿಟ್ಟ ದಿನವೇ ಆ ಮೊಟ್ಟೆಗಳ ತೀರ್ಮಾನ ಆಗಿಹೋಗಿರುತ್ತದೆ. ಬೇಡದ ಮರಿಗಳ ಸಮಸ್ಯೆಯನ್ನೂ ವಸತಿಯ ಸಮಸ್ಯೆಯನ್ನೂ ಬೇರೆ ಬೇರೆಯಾಗಿ ಚರ್ಚಿಸುವ ಅಭ್ಯಾಸ ಬಿಟ್ಟರೆ ಮಾತ್ರ ಎರಡಕ್ಕೂ ಪರಿಹಾರ ಕಾಣುತ್ತದೆ.

ಪ್ರಾಣಿಯನ್ನು ಮೊದಲು ಪರಿಚಯ ಮಾಡಿಕೊಳ್ಳಬೇಕು. ನಮ್ಮ ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಗೆ ಇದು ದೂರದ ನೆಂಟ. ಗೋಡೆ ಹತ್ತಲು ಬೇಕಾದ ಅಂಟುಪಟ್ಟಿಗಳು ಇದರ ಕಾಲ್ಬೆರಳುಗಳಲ್ಲಿಲ್ಲ, ಉಗುರುಗಳಿವೆ. ನೆಲದ ಮೇಲೆ, ಕಲ್ಲು ಬಂಡೆಗಳ ನಡುವೆ ನಡೆದು ಬದುಕುವ ಜೀವಿ. ಮನೆಹಲ್ಲಿಗೆ ಇಲ್ಲದ ಕಣ್ಣುರೆಪ್ಪೆ ಇದಕ್ಕಿದೆ. ಹಳದಿ ಮೈಮೇಲೆ ಕಪ್ಪು ಚುಕ್ಕೆ, ದಪ್ಪನೆಯ ಬಾಲ. ಆ ಬಾಲದಲ್ಲಿ ಕೊಬ್ಬು ತುಂಬಿಕೊಂಡಿರುತ್ತದೆ. ಬರಗಾಲದಲ್ಲಿ ಅದೇ ಬುತ್ತಿ. ಬೆಳೆದ ಹಲ್ಲಿ ಬಾಲವೂ ಸೇರಿ ಇಪ್ಪತ್ತರಿಂದ ಇಪ್ಪತ್ತೈದು ಸೆಂಟಿಮೀಟರ್ ಇರುತ್ತದೆ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ, ಪಂಜಾಬಿನ ಉಪ್ಪಿನ ಬೆಟ್ಟಗಳಿಂದ ಬಂದ ಮಾದರಿಯನ್ನು ನೋಡಿ ಇದನ್ನು ವಿವರಿಸಿದ. ವೈಜ್ಞಾನಿಕ ಹೆಸರು ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್. ಇಂದಿನ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಗುಡ್ಡಗಾಡು ಇದರ ತವರು. ಅಲ್ಲಿನ ಹಳ್ಳಿಗಳಲ್ಲಿ ಇದು ವಿಷಜಂತು ಎಂಬ ನಂಬಿಕೆ ಇದೆ. ನಮ್ಮಲ್ಲಿ ಹಾವುರಾಣಿಯ ಬಗ್ಗೆ ಇರುವಂಥದ್ದೇ ಭಯ, ಅಷ್ಟೇ ಆಧಾರವಿಲ್ಲದ್ದು. ಇದಕ್ಕೆ ವಿಷವಿಲ್ಲ.

ಹಗಲೆಲ್ಲ ಬಂಡೆಯ ಬಿರುಕಿನಲ್ಲಿ ಅಡಗಿದ್ದು ಮುಸ್ಸಂಜೆಯಲ್ಲಿ ಹೊರಬಂದು ಹುಳ ಹಿಡಿಯುವ ಈ ಪ್ರಾಣಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಕಿಸ್ತಾನದಿಂದ ಪಶ್ಚಿಮದ ದೇಶಗಳಿಗೆ ರಾಶಿರಾಶಿಯಾಗಿ ರಫ್ತಾಯಿತು. ಪೆಟ್ಟಿಗೆಯಲ್ಲೇ ಮೊಟ್ಟೆಯಿಟ್ಟು ಸಲೀಸಾಗಿ ಸಂತಾನ ಬೆಳೆಸುತ್ತದೆ ಎಂದು ಗೊತ್ತಾದ ಮೇಲೆ ಕಾಡಿನಿಂದ ಹಿಡಿದು ತರುವ ಅಗತ್ಯ ಕಡಿಮೆಯಾಯಿತು. ಇವತ್ತು ಅಮೆರಿಕದ ಅಂಗಡಿಯಲ್ಲಿ ಸಿಗುವ ಚಿರತೆ ಹಲ್ಲಿ ಹತ್ತಾರು ತಲೆಮಾರುಗಳಿಂದ ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದದ್ದು. ಸುಲಭವಾಗಿ ಮರಿಯಾಗುತ್ತದೆ ಎಂಬ ಒಂದೇ ಗುಣ ಕಾಡಿನ ಹಲ್ಲಿಗಳ ಮೇಲಿನ ಒತ್ತಡವನ್ನು ತಗ್ಗಿಸಿತು. ಅದೇ ಗುಣ ಮನೆಗಳಲ್ಲಿ ಬೇಡದ ಮರಿಗಳನ್ನು ತುಂಬಿಸುತ್ತಿದೆ.

ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವ ಕನ್ನಡದ ಕುಟುಂಬಗಳಿಗೂ ಈ ಹಲ್ಲಿ ಅಪರಿಚಿತವಲ್ಲ. ನಾಯಿ ಸಾಕಲು ಮನೆ ಮಾಲೀಕರ ಒಪ್ಪಿಗೆ ಇಲ್ಲ, ಬೆಕ್ಕಿನ ಕೂದಲು ಅಪ್ಪನಿಗೆ ಆಗುವುದಿಲ್ಲ. ಮಗು ಹಟ ಹಿಡಿದಿದೆ. ಅಂಗಡಿಯಲ್ಲಿ ಈ ಹಲ್ಲಿ ನಾಯಿಮರಿಯ ಬೆಲೆಯ ಒಂದು ಚೂರಿಗೆ ಸಿಗುತ್ತದೆ. ಬೊಗಳುವುದಿಲ್ಲ, ಕಚ್ಚುವುದು ಅಪರೂಪ, ಕೈಮೇಲೆ ಮೆಲ್ಲಗೆ ನಡೆಯುತ್ತದೆ. ಒಂದು ಒಂಟಿಯಾಗಿ ಬೇಸರ ಪಡುತ್ತದೆ ಎಂದು ಎರಡು ತರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ತರುತ್ತಾರೆ. ನಮ್ಮಲ್ಲಿ ಒಂಟಿತನ ಅಂದರೆ ಶಿಕ್ಷೆ. ಮನೆಗೆ ಬಂದ ಯಾರೂ ಒಬ್ಬರೇ ಊಟಕ್ಕೆ ಕೂರಬಾರದು ಎಂಬ ಸಂಸ್ಕಾರ ನಮ್ಮದು. ಆದರೆ ಚಿರತೆ ಹಲ್ಲಿಯ ಬದುಕಿನಲ್ಲಿ ಜೊತೆಗಾರನಿಗೆ ಆ ಬಗೆಯ ಜಾಗ ಇಲ್ಲ. ಒಂದೇ ಬಿಲದಲ್ಲಿ ಎರಡು ಹಲ್ಲಿ ಒತ್ತಿಕೊಂಡು ಮಲಗಿದ್ದರೆ ನೋಡುವವರಿಗೆ ಅದು ಪ್ರೀತಿಯಂತೆ ಕಾಣುತ್ತದೆ. ಬಹಳ ಸಲ ಅದು ಬೆಚ್ಚಗಿನ ಒಂದೇ ಜಾಗಕ್ಕಾಗಿ ನಡೆದ ಮೌನದ ಪೈಪೋಟಿ. ಗಂಡುಗಳೆರಡು ಒಟ್ಟಿಗಿದ್ದರೆ ರಕ್ತ ಬರುವಂತೆ ಕಾದಾಡುತ್ತವೆ. ಹೆಣ್ಣುಗಳೆರಡು ಒಟ್ಟಿಗಿದ್ದರೆ ಒಂದು ಕೊಬ್ಬುತ್ತದೆ, ಇನ್ನೊಂದು ಸೊರಗುತ್ತದೆ. ಒಂದು ದಿನ ಬಾಲ ಕಳಚಿ ಬಿದ್ದಿರುತ್ತದೆ. ಬಾಲ ಮತ್ತೆ ಬೆಳೆಯುತ್ತದೆ ನಿಜ, ಆದರೆ ಹೊಸ ಬಾಲದೊಳಗೆ ಬೆನ್ನೆಲುಬು ಇರುವುದಿಲ್ಲ, ಮೃದ್ವಸ್ಥಿಯ ಕೊಳವೆ ಮಾತ್ರ. ಕಳಚಿದ ಬಾಲದೊಂದಿಗೆ ಕೂಡಿಟ್ಟ ಕೊಬ್ಬೂ ಹೋಗುತ್ತದೆ. ಇನ್ನು ಒಂದು ಗಂಡು, ಒಂದು ಹೆಣ್ಣಾದರೆ ಮೊಟ್ಟೆ.

ಇಲ್ಲಿ ಸಾಕುವವರು ಹೇಳುವ ಮಾತೊಂದಿದೆ: ಅಂಗಡಿಯವರು ಎರಡೂ ಹೆಣ್ಣು ಎಂದಿದ್ದರು. ಈ ಮಾತಿನ ಹಿಂದೆ ಈ ಪ್ರಾಣಿಯ ಬಹಳ ಕುತೂಹಲಕರವಾದ ಜೀವಶಾಸ್ತ್ರವಿದೆ. ಚಿರತೆ ಹಲ್ಲಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ತೀರ್ಮಾನಿಸುವುದು ಮೊಟ್ಟೆಗೆ ಸಿಕ್ಕ ಕಾವು. 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆದ ಮೊಟ್ಟೆಗಳಿಂದ ಹೆಣ್ಣುಗಳೇ ಬರುತ್ತವೆ. 32.5 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚಿನವು ಗಂಡು. 34 ಡಿಗ್ರಿಗೆ ಏರಿಸಿದರೆ ಮತ್ತೆ ಬಹುತೇಕ ಹೆಣ್ಣು. ಟೆಕ್ಸಸ್ ವಿಶ್ವವಿದ್ಯಾಲಯದ ಡೇವಿಡ್ ಕ್ರೂಸ್ ಮತ್ತು ಸಂಗಡಿಗರು ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದರು. ಬಿಸಿ ಕಾವಿನಲ್ಲಿ ಹುಟ್ಟಿದ ಹೆಣ್ಣುಗಳು ಸ್ವಭಾವದಲ್ಲೂ ಜಗಳಗಂಟಿಗಳಾಗಿರುತ್ತವೆ ಎಂದು ಅವರ ಬಳಗದ ಕೆಲಸ ತೋರಿಸಿತು. 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧ ಈ ದಾರಿಯ ಮೊದಲ ಹೆಜ್ಜೆಗಳಲ್ಲೊಂದು. ಅಂದರೆ ಹೆಣ್ಣುಗಳೆಲ್ಲ ಸಾಧು, ಒಟ್ಟಿಗೆ ಇಡಬಹುದು ಎಂಬ ಭರವಸೆಯೂ ನಿಲ್ಲುವುದಿಲ್ಲ.

ಕಾವಿನ ಲೆಕ್ಕ ಬಲ್ಲ ಮಾರಾಟಗಾರ ‘ಇವೆಲ್ಲ ಹೆಣ್ಣುಗಳೇ’ ಎಂದು ಹೇಳಿ ಎಳೆಮರಿ ಕೊಡುತ್ತಾನೆ. ಕಾವಿನ ಪೆಟ್ಟಿಗೆಯ ಉಷ್ಣಾಂಶ ಒಂದೆರಡು ಡಿಗ್ರಿ ಆಚೀಚೆ ಆಗಿದ್ದರೆ ಲೆಕ್ಕ ತಪ್ಪುತ್ತದೆ. ಎಳೆಮರಿಯ ಮೈ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಗಂಡಿನ ಹಿಂಗಾಲುಗಳ ನಡುವೆ, ಗುದದ್ವಾರದ ಮೇಲ್ಭಾಗದಲ್ಲಿ, ಇಂಗ್ಲಿಷ್‌ನ ವಿ ಅಕ್ಷರವನ್ನು ತಲೆಕೆಳಗೆ ಮಾಡಿದಂತೆ ಸಣ್ಣ ರಂಧ್ರಗಳ ಸಾಲು ಎದ್ದು ಕಾಣುತ್ತದೆ, ಬಾಲದ ಬುಡದಲ್ಲಿ ಎರಡು ಉಬ್ಬು ಮೂಡುತ್ತವೆ. ಅಷ್ಟು ಹೊತ್ತಿಗೆ ‘ಅಕ್ಕತಂಗಿಯರು’ ಗಂಡಹೆಂಡಿರಾಗಿರಬಹುದು. ಅವು ಒಡಹುಟ್ಟಿದವೇ ಆಗಿದ್ದರೂ ಪ್ರಕೃತಿ ಅಡ್ಡ ಬರುವುದಿಲ್ಲ. ಒಂದು ವರ್ಷ ತುಂಬುವ ಮೊದಲೇ ಮೊಟ್ಟೆಯಿಡುವ ಶಕ್ತಿ ಹೆಣ್ಣಿಗೆ ಬರುತ್ತದೆ; ಆದರೆ ಅದರ ಮೂಳೆಯ ಶಕ್ತಿ ಅಷ್ಟು ಬೇಗ ಬಂದಿರುವುದಿಲ್ಲ. ತಳಿ ಬೆಳೆಸುವ ಅನುಭವಿಗಳು 45–50 ಗ್ರಾಂ ತೂಗದ ಹೆಣ್ಣನ್ನು ಗಂಡಿನ ಬಳಿ ಬಿಡುವುದಿಲ್ಲ. ಒಂದೇ ಪೆಟ್ಟಿಗೆಯಲ್ಲಿರುವ ಗಂಡಿಗೆ ತಕ್ಕಡಿಯ ವಿಷಯ ಗೊತ್ತಿಲ್ಲ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಅರಿತಿರುವುದಿಲ್ಲ. ಒಮ್ಮೆ ಕೂಡಿದ ಹೆಣ್ಣು ವೀರ್ಯಾಣುಗಳನ್ನು ಮೈಯೊಳಗೆ ಕಾಪಿಟ್ಟುಕೊಂಡು ಆ ಋತುವಿಡೀ ಫಲಿತ ಮೊಟ್ಟೆಗಳನ್ನು ಇಡಬಲ್ಲದು. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಮೊಟ್ಟೆ. ಕೆಲವು ವಾರಗಳ ಬಿಡುವಿನಲ್ಲಿ ಮತ್ತೆರಡು. ಹೀಗೆ ಒಂದು ಋತುವಿನಲ್ಲಿ ಐದಾರು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು. ತಪ್ಪು ಗೊತ್ತಾದ ದಿನವೇ ಗಂಡನ್ನು ಬೇರೆ ಮಾಡಿದರೂ ತಿಂಗಳುಗಟ್ಟಲೆ ಮೊಟ್ಟೆ ಬರುತ್ತಲೇ ಇರುತ್ತದೆ. ಬೇರೆ ಮಾಡಿದೆವಲ್ಲ ಎಂದು ನಿರಾಳರಾದವರ ಪೆಟ್ಟಿಗೆಯಲ್ಲಿ, ಒದ್ದೆ ಪಾಚಿಯ ಬೆಚ್ಚನೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಮೊಟ್ಟೆ ತಾನಾಗಿಯೇ ಒಡೆದು ಮರಿ ಹೊರಬರುವುದುಂಟು. ದೊಡ್ಡ ಹಲ್ಲಿಯ ಕಣ್ಣಿಗೆ ಆ ಮೂರು ಗ್ರಾಂ ಮರಿ ಆಹಾರವಾಗಬಹುದು.

ಹೆಣ್ಣು ತೆರುವ ಬೆಲೆಯ ಕುರಿತು ಮಾತಾಡದೆ ಮರಿಗಳ ಕುರಿತು ಮಾತಾಡುವುದು ಅನ್ಯಾಯ. ಪ್ರತಿ ಮೊಟ್ಟೆಗೂ ಹಳದಿಯ ಭಾಗಕ್ಕೆ ಕೊಬ್ಬು, ಚಿಪ್ಪಿಗೂ ಮರಿಗೂ ಕ್ಯಾಲ್ಸಿಯಂ ತಾಯಿಯ ಮೈಯಿಂದಲೇ ಹೋಗಬೇಕು. ಹುಳಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಅದಕ್ಕಾಗಿಯೇ ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡುತ್ತಾರೆ. ಅದು ಸಾಲದಾದರೆ ಮೂಳೆ ಮೆತ್ತಗಾಗುತ್ತದೆ, ದವಡೆ ರಬ್ಬರಿನಂತೆ ಬಾಗುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ. ಮೊಟ್ಟೆಯನ್ನು ಹೊರಹಾಕುವ ಸ್ನಾಯುಗಳಿಗೂ ಕ್ಯಾಲ್ಸಿಯಂ ಬೇಕು. ಇಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅಂಥ ಹೆಣ್ಣಿಗೆ ಶಸ್ತ್ರಚಿಕಿತ್ಸೆಯೊಂದೇ ದಾರಿಯಾಗಬಹುದು. ಐವತ್ತು ಗ್ರಾಂ ತೂಕದ ಜೀವಕ್ಕೆ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯುವುದು ಸರೀಸೃಪಗಳ ವಿಷಯದಲ್ಲಿ ಪಳಗಿದ ಪಶುವೈದ್ಯರ ಕೆಲಸ, ಅದರ ಖರ್ಚು ಹಲ್ಲಿಯ ಬೆಲೆಯ ಹಲವು ಪಟ್ಟು. ಆ ಖರ್ಚಿನ ಎದುರು ಸೋತು ಕೈಚೆಲ್ಲಿದ ಮನೆಗಳಲ್ಲಿ ಹಲ್ಲಿ ಸಾಯುತ್ತದೆ. ಹದಿನೈದು ಇಪ್ಪತ್ತು ವರ್ಷ ಬದುಕಬಹುದಾದ ಪ್ರಾಣಿ ಅದು.

ಸಂತಾನಹರಣ ಮಾಡಿಸಬಾರದೇ ಎಂದು ಕೇಳುವವರಿದ್ದಾರೆ. ನಾಯಿಬೆಕ್ಕುಗಳಿಗೆ ಅದು ಸರಿಯಾದ ದಾರಿ. ಚಿರತೆ ಹಲ್ಲಿಯಲ್ಲಿ ಅಂಡಾಶಯ ತೆಗೆಯುವುದು ಸಾಧ್ಯ. ಸಾಮಾನ್ಯವಾಗಿ ಕಾಯಿಲೆ ಬಂದಾಗ ಮಾಡುತ್ತಾರೆ. ಮುಂಜಾಗ್ರತೆಗೆಂದು ಮಾಡಿಸುವ ಅಗತ್ಯವೇ ಇಲ್ಲ. ಗಂಡುಹೆಣ್ಣುಗಳ ನಡುವೆ ಒಂದು ಗಾಜಿನ ಗೋಡೆ ಇದ್ದರೆ ಸಾಕು.

ಹಾಗಾದರೆ ಹೊಣೆಯರಿತ ವಸತಿ ಹೇಗಿರಬೇಕು? ಒಂದು ಹಲ್ಲಿಗೆ ಒಂದು ಪೆಟ್ಟಿಗೆ. ಮಿಕ್ಕದ್ದೆಲ್ಲ ಇದರ ಮೇಲೆ ಕಟ್ಟುವಂಥದ್ದು. ಹಿಂದೆ ಮೊಣಕೈ ಉದ್ದದ ಮೀನಿನ ತೊಟ್ಟಿ ಸಾಕು ಎನ್ನುತ್ತಿದ್ದರು. ಈಗ ಬಲ್ಲವರು 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಪೆಟ್ಟಿಗೆ ಹೇಳುತ್ತಾರೆ. 75 ಸೆಂಟಿಮೀಟರ್ ಉದ್ದಕ್ಕಿಂತ ಕಡಿಮೆ ಬೇಡ ಎಂದು ಕಡೆಯ ಮಿತಿ ಹಾಕುತ್ತಾರೆ. ಉದ್ದ ಯಾಕೆ ಬೇಕೆಂದರೆ ಬಿಸಿಯ ಕಾರಣಕ್ಕೆ. ಈ ಪ್ರಾಣಿಗೆ ಮೈಯೊಳಗೆ ಶಾಖ ಹುಟ್ಟಿಸಿಕೊಳ್ಳಲಾಗದು. ಬಿಸಿಯಾದಾಗ ತಂಪಿನ ಕಡೆಗೆ, ತಂಪಾದಾಗ ಬಿಸಿಯ ಕಡೆಗೆ ತಾನೇ ನಡೆದು ಹೊಂದಿಸಿಕೊಳ್ಳಬೇಕು. ಬಿಸಿ ತುದಿಯಲ್ಲಿ ನೆಲ 32ರಿಂದ 35 ಡಿಗ್ರಿ, ಇನ್ನೊಂದು ತುದಿಯಲ್ಲಿ 24–26 ಇರಬೇಕು. ಗಿಡ್ಡ ಪೆಟ್ಟಿಗೆಯಲ್ಲಿ ಈ ಅಂತರ ಸಿಗುವುದಿಲ್ಲ. ಹೀಟ್ ಮ್ಯಾಟ್ ಆಗಲಿ ಬಲ್ಬ್ ಆಗಲಿ ಥರ್ಮೋಸ್ಟಾಟ್ ಇಲ್ಲದೆ ಹಾಕಿದರೆ ಹೊಟ್ಟೆಯ ಚರ್ಮ ಸುಡುತ್ತದೆ. ಇದನ್ನು ಅಂಗಡಿಗಳಲ್ಲಿ ಒತ್ತಿ ಹೇಳುವುದು ಕಡಿಮೆ, ಏಕೆಂದರೆ ಮ್ಯಾಟಿನ ಜೊತೆಗೆ ಥರ್ಮೋಸ್ಟಾಟ್ ಸೇರಿಸಿದರೆ ಹಲ್ಲಿ ಸಾಕುವುದು ಅಗ್ಗ ಎಂಬ ಮಾತು ನಿಲ್ಲುವುದಿಲ್ಲ.

ಬಿಸಿ ಕಡೆ ಒಂದು ಅಡಗುತಾಣ, ತಂಪಿನ ಕಡೆ ಒಂದು, ನಡುವೆ ಒದ್ದೆ ಪಾಚಿ ಹಾಕಿದ ಇನ್ನೊಂದು. ಒದ್ದೆ ಜಾಗ ಪೊರೆ ಕಳಚಲು ಬೇಕು. ಪೊರೆ ಪೂರ್ತಿ ಕಳಚದೆ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡದೆ ಬೆರಳೇ ಉದುರಿ ಹೋಗುತ್ತದೆ. ನೆಲಹಾಸಿನ ಬಗ್ಗೆ ಸಾಕುವವರಲ್ಲಿ ಜಗಳ ಮುಗಿಯದು. ಸಡಿಲ ಮರಳು, ಅದರಲ್ಲೂ ಕ್ಯಾಲ್ಸಿಯಂ ಮರಳು ಎಂದು ಮಾರುವಂಥದ್ದು, ನುಂಗಿದ ಹಲ್ಲಿಯ ಕರುಳಿನಲ್ಲಿ ಗಟ್ಟಿಯಾಗಿ ಕೂರಬಹುದು. ಮರಿಗಳಿಗೆ ಕಾಗದದ ಹಾಸೇ ಒಳ್ಳೆಯದು. ಆರೋಗ್ಯವಾಗಿರುವ ದೊಡ್ಡ ಹಲ್ಲಿಗೆ ಕಲ್ಲುಮಣ್ಣು ಕೂಡಿಸಿ ಒತ್ತಿ ಗಟ್ಟಿ ಮಾಡಿದ ನೆಲ, ಅದರ ತವರಿನ ನೆಲಕ್ಕೆ ಹತ್ತಿರವಾದದ್ದು, ಹೆಚ್ಚು ಹಿತ ಎಂಬ ಪಕ್ಷದತ್ತ ನಾನು ವಾಲುತ್ತೇನೆ. ನೇರಳಾತೀತ ಬೆಳಕಿನ ವಿಷಯದಲ್ಲೂ ಅಭಿಪ್ರಾಯ ಬದಲಾಗಿದೆ. ರಾತ್ರಿಯ ಪ್ರಾಣಿಗೆ ಅದು ಬೇಡ ಎಂಬ ಮಾತು ಬಹಳ ಕಾಲ ನಡೆಯಿತು. ಸ್ವಲ್ಪ ಹೊತ್ತಿನ ಮಂದ ನೇರಳಾತೀತ ಬೆಳಕು ಸಿಕ್ಕರೂ ಈ ಹಲ್ಲಿಗಳ ರಕ್ತದಲ್ಲಿ ಡಿ ಜೀವಸತ್ವ ಏರುತ್ತದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ ಮೇಲೆ ಆ ಹಳೆಯ ವಾದಕ್ಕೆ ಬಲ ಉಳಿದಿಲ್ಲ. ಸಂಜೆಯ ಓರೆ ಬಿಸಿಲಿಗೆ ಬಿಲದ ಬಾಯಿಯಲ್ಲಿ ಕೂರುವ ಪ್ರಾಣಿಗೆ ಬೆಳಕೇ ಬೇಡ ಎನ್ನುವುದು ಮೊದಲಿನಿಂದಲೂ ವಿಚಿತ್ರವಾಗಿತ್ತು.

ಒಂಟಿ ವಸತಿಗೆ ರೋಗದ ಕಾರಣವೂ ಇದೆ. ಕ್ರಿಪ್ಟೋಸ್ಪೊರಿಡಿಯಂ ವರಾನಿ ಎಂಬ ಸೂಕ್ಷ್ಮ ಪರಾವಲಂಬಿ ಕರುಳು ಹೊಕ್ಕರೆ ಹಲ್ಲಿ ತಿಂದದ್ದು ಮೈಗೆ ಹತ್ತುವುದಿಲ್ಲ, ದಪ್ಪ ಬಾಲ ಕಡ್ಡಿಯಾಗುತ್ತದೆ. ಪೂರ್ತಿ ಗುಣಪಡಿಸುವ ನಂಬಿಕಸ್ಥ ಔಷಧ ಇಲ್ಲ. ಮಲದೊಂದಿಗೆ ಹೊರಬೀಳುವ ಇದರ ಮೊಟ್ಟೆಯಂಥ ಕಣಗಳು ಮನೆಯಲ್ಲಿ ಬಳಸುವ ಸೋಂಕುನಿವಾರಕಗಳಿಗೆ ಜಗ್ಗುವುದಿಲ್ಲ. ಹೊಸದಾಗಿ ತಂದ ಹಲ್ಲಿಯನ್ನು ಎರಡು ಮೂರು ತಿಂಗಳು ಬೇರೆಯೇ ಇಟ್ಟು, ಮಲಪರೀಕ್ಷೆ ಮಾಡಿಸಿ, ಅದರ ಬಟ್ಟಲು ಇಕ್ಕಳಗಳನ್ನೂ ಬೇರೆ ಇಡುವುದು ಅದಕ್ಕಾಗಿ. ಮನೆಯಲ್ಲೇ ಹುಟ್ಟಿದ ಹತ್ತಾರು ಮರಿಗಳನ್ನು ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒತ್ತೊತ್ತಾಗಿ ಇಟ್ಟಾಗ ಈ ಶಿಸ್ತು ಮೊದಲು ಮುರಿಯುತ್ತದೆ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಮೊಟ್ಟೆ ಬಂದೇ ಬಿಟ್ಟಿದೆ, ಏನು ಮಾಡಬೇಕು? ಗಂಡಿನ ಸಂಗವಿಲ್ಲದೆಯೂ ಹೆಣ್ಣು ಮೊಟ್ಟೆ ಇಡುತ್ತದೆ. ಅವು ಹಳದಿಯಾಗಿ, ಕುಗ್ಗಿ ಹಾಳಾಗುತ್ತವೆ, ಅವನ್ನು ತೆಗೆದು ಎಸೆದರೆ ಆಯಿತು. ಫಲಿತ ಮೊಟ್ಟೆಯನ್ನು ಕತ್ತಲೆಯಲ್ಲಿ ಟಾರ್ಚಿಗೆ ಹಿಡಿದರೆ ಕೆಲವು ದಿನಗಳಲ್ಲಿ ಗುಲಾಬಿ ಬಣ್ಣದ ಉಂಗುರ, ಆಮೇಲೆ ಕೆಂಪು ರಕ್ತನಾಳಗಳು ಕಾಣುತ್ತವೆ. ಮರಿ ಬೇಡ ಎಂದಾದರೆ ಅಷ್ಟರವರೆಗೆ ಕಾಯಬಾರದು. ಇಟ್ಟ ದಿನವೇ ಮೊಟ್ಟೆಯನ್ನು ಫ್ರೀಜರಿನಲ್ಲಿಟ್ಟು, ಒಂದೆರಡು ದಿನ ಅಲ್ಲೇ ಬಿಟ್ಟು, ನಂತರ ಎಸೆಯಬೇಕೆಂದು ಅನುಭವಿಗಳು ಹೇಳುತ್ತಾರೆ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಈ ಹಲ್ಲಿಯ ಭ್ರೂಣದ ಬೆಳವಣಿಗೆಯನ್ನು ಹಂತಹಂತವಾಗಿ ದಾಖಲಿಸಿದರು: 28 ಡಿಗ್ರಿಯಲ್ಲಿ ಮೊಟ್ಟೆಯಿಟ್ಟಲ್ಲಿಂದ ಮರಿ ಹೊರಬರುವವರೆಗೆ ಸುಮಾರು 52 ದಿನ. ಮೊದಲ ದಿನ ಭ್ರೂಣ ತೀರ ಎಳೆಯದು. ನಲವತ್ತನೆಯ ದಿನದ ಹೊತ್ತಿಗೆ ಅದು ಕಣ್ಣು, ಬೆರಳು, ಚರ್ಮದ ಪಟ್ಟೆ ಮೂಡಿದ ಜೀವಿ. ಆ ಹಂತದಲ್ಲಿ ಫ್ರೀಜರಿಗೆ ಹಾಕುವುದು ಕ್ರೌರ್ಯ; ಹುಟ್ಟಿದ ಮರಿಗೆ ಹಾಗೆ ಮಾಡುವುದಂತೂ ಪಶುವೈದ್ಯರ ಕಣ್ಣಿನಲ್ಲಿ ಅಕ್ಷಮ್ಯ. ತಡವಾಗಿ ಸಿಕ್ಕ ಮೊಟ್ಟೆಯ ಬಗ್ಗೆ ವೈದ್ಯರನ್ನೇ ಕೇಳಬೇಕು.

ನಮ್ಮ ಮನೆಗಳಲ್ಲಿ ಈ ಮಾತು ಹೇಳುವುದು ಸುಲಭವಲ್ಲ ಎಂಬುದು ಗೊತ್ತು. ಮೊಟ್ಟೆಯನ್ನೇ ಮುಟ್ಟದ ಮನೆಯ ಅಜ್ಜಿ ಊರಿನಿಂದ ಬಂದಿರುವಾಗ, ಫ್ರೀಜರಿನಲ್ಲಿ ಹಲ್ಲಿಯ ಮೊಟ್ಟೆ ಇಡುವ ಪ್ರಸ್ತಾಪವನ್ನು ಯಾರು ತಾನೇ ಎತ್ತುತ್ತಾರೆ? ಇದು ಹಿಂಸೆಯೇ ಎಂದು ಕೇಳಿದರೆ, ಹೌದು, ಒಂದು ಜೀವದ ಸಾಧ್ಯತೆಯನ್ನು ಕೊನೆಗೊಳಿಸುವ ಕೆಲಸವೇ. ಅದನ್ನು ಮರೆಮಾಚಬಾರದು. ಆದರೆ ಕಾವು ಕೊಟ್ಟರೆ ಹಿಂಸೆ ತಪ್ಪುತ್ತದೆ ಎಂಬ ಎಣಿಕೆ ಸರಿಯಲ್ಲ. ಈ ಹಲ್ಲಿ ಹುಳಗಳನ್ನು ಜೀವಂತವಾಗಿಯೇ ತಿನ್ನುವ ಪ್ರಾಣಿ. ಅದನ್ನು ಮನೆಗೆ ತಂದ ದಿನವೇ ಕ್ರಿಕೆಟ್ ಹುಳ, ಡೂಬಿಯಾ ಜಿರಲೆಗಳ ಸಾವನ್ನು ನಾವು ಒಪ್ಪಿಕೊಂಡಿದ್ದೇವೆ. ಹತ್ತು ಮರಿ ಹೆಚ್ಚಾದರೆ ಹತ್ತು ಪಾಲು ಹುಳ. ಆ ಮರಿಗಳಿಗೆ ಸರಿಯಾದ ಮನೆ ಸಿಗದೆ ಅವು ಮೂಳೆ ಸೊಟ್ಟಗಾಗಿ ವರ್ಷಗಟ್ಟಲೆ ನರಳಿದರೆ ಅದರ ಲೆಕ್ಕ ಯಾರ ತಲೆಗೆ? ಅಹಿಂಸೆಯ ಅರಿವು ಇರುವವರು ಅದನ್ನು ಬಳಸಬೇಕಾದ ಸರಿಯಾದ ಗಳಿಗೆ ಎರಡನೆಯ ಹಲ್ಲಿಯನ್ನು ಕೊಳ್ಳುವ ಗಳಿಗೆ.

ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಜೋಡಿ ವರ್ಷಕ್ಕೆ ಆರು ಸಲ ಮೊಟ್ಟೆಯಿಟ್ಟರೆ ಹನ್ನೆರಡು ಮೊಟ್ಟೆ. ಹತ್ತು ಮರಿ ಉಳಿದವು ಎನ್ನೋಣ. ಅವುಗಳಲ್ಲಿ ಐದು ಹೆಣ್ಣು. ಬೇರೆ ಮಾಡದೆ ಬಿಟ್ಟರೆ ಮರುವರ್ಷ ಆರು ಹೆಣ್ಣುಗಳಿಂದ ಅರವತ್ತು ಮರಿ. ಎರಡನೆಯ ವರ್ಷದ ಕೊನೆಗೆ ಮನೆಯಲ್ಲಿ ಎಪ್ಪತ್ತೆರಡು ಹಲ್ಲಿಗಳು. ಯಾರೂ ಇಷ್ಟು ದೂರ ಬಿಡುವುದಿಲ್ಲ ಎನ್ನಬಹುದು; ನಿಜ. ಮೊದಲ ಹತ್ತಕ್ಕೇ ಸುಸ್ತಾಗುತ್ತಾರೆ. ಹತ್ತು ಪೆಟ್ಟಿಗೆ, ಹತ್ತು ಥರ್ಮೋಸ್ಟಾಟ್, ದಿನಕ್ಕೆ ಹತ್ತಾರು ಹುಳ. ಮಾರೋಣ ಎಂದರೆ ಸಾಮಾನ್ಯ ಬಣ್ಣದ ಚಿರತೆ ಹಲ್ಲಿಗೆ ಗಿರಾಕಿ ಇಲ್ಲ. ಎಲ್ಲ ಅಂಗಡಿಗಳಿಗೂ ಸಗಟು ತಳಿಗಾರರಿಂದ ಅಗ್ಗದ ಮರಿಗಳು ಬರುತ್ತಿರುತ್ತವೆ. ಕೊನೆಗೆ ಪುಕ್ಕಟೆಯಾಗಿ, ಕೇಳಿದವರಿಗೆಲ್ಲ ಹಂಚಿ ಕೈತೊಳೆದುಕೊಳ್ಳುತ್ತಾರೆ. ಪುಕ್ಕಟೆ ಬಂದ ಪ್ರಾಣಿಗೆ ಪೆಟ್ಟಿಗೆ ಕೊಳ್ಳಲು ಯಾರೂ ಮುನ್ನೂರು ಡಾಲರ್ ಖರ್ಚು ಮಾಡುವುದಿಲ್ಲ. ಎರಡು ಮೂರು ಕೈ ದಾಟಿದ ಹಲ್ಲಿ ಕೊನೆಗೆ ಪ್ರಾಣಿ ಆಶ್ರಯತಾಣಕ್ಕೆ ಬರುತ್ತದೆ. ಬ್ರಿಟನ್ನಿನ ಆರ್‌ಎಸ್‌ಪಿಸಿಎಯಂಥ ದೊಡ್ಡ ಸಂಸ್ಥೆಗಳು ಸರೀಸೃಪಗಳನ್ನೂ ಸೇರಿಸಿಕೊಳ್ಳುತ್ತವೆ. ನಾಯಿಬೆಕ್ಕುಗಳಿಗಾಗಿ ಕಟ್ಟಿದ ಸಣ್ಣ ಆಶ್ರಯತಾಣಗಳಲ್ಲಿ ಬಿಸಿಯ ವ್ಯವಸ್ಥೆಯೂ ಇರುವುದಿಲ್ಲ, ಹಲ್ಲಿ ನೋಡಿಕೊಳ್ಳಬಲ್ಲವರೂ ಇರುವುದಿಲ್ಲ.

ಮನೆಯಲ್ಲಿ ಅರಿಯದೆ ಹುಟ್ಟಿದ ಮರಿಗಳಿಗೆ ಇನ್ನೊಂದು ತೊಡಕಿದೆ, ಅವುಗಳ ವಂಶ. ಮಾರ್ಫ್ ಎಂದು ಕರೆಯುವ ಬಣ್ಣಬಣ್ಣದ ತಳಿಗಳು ಈ ವ್ಯಾಪಾರದ ಬೆನ್ನೆಲುಬು. ಬಿಳಿಚು ಬಣ್ಣದ ಅಲ್ಬಿನೊಗಳಲ್ಲೇ ಟ್ರೆಂಪರ್, ರೈನ್‌ವಾಟರ್, ಬೆಲ್ ಎಂಬ ಮೂರು ಸಂತತಿಗಳಿವೆ. ಒಂದನ್ನು ಇನ್ನೊಂದರೊಂದಿಗೆ ಕೂಡಿಸಿದರೆ ಸಾಮಾನ್ಯ ಬಣ್ಣದ ಮರಿಗಳು ಹುಟ್ಟುತ್ತವೆ. ಅವು ನೋಡಲು ಸಾಮಾನ್ಯ, ಒಳಗೆ ಎರಡೂ ಸಂತತಿಯ ಜೀನ್ ಹೊತ್ತಿರುತ್ತವೆ. ಬಣ್ಣದ ವಿಷಯ ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಎನಿಗ್ಮಾ ಎಂಬ ತಳಿ ಬಣ್ಣದ ಜೊತೆಗೆ ನರಗಳ ಕಾಯಿಲೆಯನ್ನೂ ತಂದಿತು. ತಲೆ ಓರೆ ಮಾಡಿಕೊಂಡು ಗಿರಗಿರನೆ ಸುತ್ತುವುದು, ಕಣ್ಣೆದುರಿನ ಹುಳವನ್ನು ಹಿಡಿಯಲು ಹೋಗಿ ಗುರಿ ತಪ್ಪುವುದು ಅದರ ಲಕ್ಷಣ. ಇದು ಪ್ರಬಲ ಗುಣವಾದ್ದರಿಂದ ಪೋಷಕರಲ್ಲಿ ಒಂದಕ್ಕಿದ್ದರೂ ಮರಿಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಲೆಮನ್ ಫ್ರಾಸ್ಟ್‌ನ ಕತೆ ಇನ್ನೂ ದುಃಖದ್ದು. 2015ರ ಸುಮಾರಿಗೆ ಅಮೆರಿಕದ ತಳಿಗಾರರೊಬ್ಬರ ಸಂಗ್ರಹದಲ್ಲಿ ತಾನಾಗಿಯೇ ಕಾಣಿಸಿಕೊಂಡ ಈ ನಿಂಬೆಹಳದಿ ಹಲ್ಲಿಯ ಸೊಗಸಿಗೆ ಎಲ್ಲರೂ ಮರುಳಾದರು. ಅದರ ಸಂತಾನಕ್ಕೆ ಸಾವಿರಾರು ಡಾಲರ್ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅವುಗಳ ಚರ್ಮದ ಮೇಲೆ ಬಿಳಿ ಗಂಟುಗಳು ಎದ್ದವು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಲಿಯೊನಿಡ್ ಕ್ರುಗ್ಲ್ಯಾಕ್ ಬಳಗದ ಲೋಂಗ್‌ಹುವಾ ಗುವೊ ಮತ್ತು ಸಂಗಡಿಗರು 2021ರಲ್ಲಿ ಕಾರಣ ಕಂಡುಹಿಡಿದರು: ಸ್ಪಿಂಟ್1 ಎಂಬ ಜೀನಿನ ದೋಷ. ಹೊಳಪಿನ ಬಣ್ಣ ಕೊಡುವ ಜೀವಕೋಶಗಳು ಮಿತಿಮೀರಿ ಬೆಳೆದು ಗೆಡ್ಡೆಯಾಗುತ್ತಿದ್ದವು. ಲೆಮನ್ ಫ್ರಾಸ್ಟ್ ಹಲ್ಲಿಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚಿನವುಗಳಿಗೆ ಗೆಡ್ಡೆ ಬರುತ್ತದೆ. ಜನ ಮೆಚ್ಚಿ ಹಣ ಸುರಿದದ್ದು ಕ್ಯಾನ್ಸರಿನ ಬಣ್ಣಕ್ಕೆ. ಬಹಳಷ್ಟು ತಳಿಗಾರರು ಇದನ್ನು ಕೈಬಿಟ್ಟರು. ಆದರೆ ಆಗಲೇ ಮಾರಾಟವಾದ ಹಲ್ಲಿಗಳು ಎಲ್ಲೆಲ್ಲಿ ಯಾವ ಪೆಟ್ಟಿಗೆಯಲ್ಲಿ ಯಾವುದರ ಜೊತೆ ಇವೆ ಎಂದು ಯಾರು ಹೇಳಬಲ್ಲರು? ಪೂರ್ವಾಪರ ಗೊತ್ತಿಲ್ಲದ ಎರಡು ಹಲ್ಲಿಗಳಿಂದ ಮರಿ ಮಾಡಿಸುವುದು ಆ ಜೀವಗಳ ಆರೋಗ್ಯವನ್ನೇ ಪಣಕ್ಕಿಟ್ಟಂತೆ.

ಕಾನೂನು ಇಲ್ಲಿ ಎಷ್ಟು ನೆರವಾಗುತ್ತದೆ? ಅಮೆರಿಕದ ಕೇಂದ್ರ ಪ್ರಾಣಿ ಕಲ್ಯಾಣ ಕಾಯಿದೆ ಶೀತರಕ್ತದ ಪ್ರಾಣಿಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬ್ರಿಟನ್ನಿನ 2006ರ ಪ್ರಾಣಿ ಕಲ್ಯಾಣ ಕಾಯಿದೆ ಸರೀಸೃಪವನ್ನೂ ಒಳಗೊಳ್ಳುತ್ತದೆ. ಸಾಕಿದ ಪ್ರಾಣಿಯ ಅಗತ್ಯಗಳನ್ನು ಪೂರೈಸುವ ಹೊಣೆ ಸಾಕಿದವರದೇ ಎಂದು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಸಾಕುಪ್ರಾಣಿ ಮಾರುವ ವ್ಯಾಪಾರಕ್ಕೆ 2018ರ ನಿಯಮಗಳ ಪ್ರಕಾರ ಪರವಾನಗಿ ಬೇಕು. ನಾರ್ವೆ ದಶಕಗಳ ಕಾಲ ವಿದೇಶಿ ಸರೀಸೃಪಗಳನ್ನು ಸಾಕುವುದನ್ನೇ ನಿಷೇಧಿಸಿ, 2017ರಲ್ಲಿ ಹತ್ತೊಂಬತ್ತು ಜಾತಿಗಳಿಗಷ್ಟೇ ಒಪ್ಪಿಗೆ ಕೊಟ್ಟಿತು. ಚಿರತೆ ಹಲ್ಲಿ ಆ ಪಟ್ಟಿಯಲ್ಲಿದೆ. ಎಲ್ಲ ತೆರೆದು ಆಮೇಲೆ ಒಂದೊಂದೇ ಬಾಗಿಲು ಮುಚ್ಚುವ ದೇಶಗಳಿಗಿಂತ ಈ ಕ್ರಮ ನನಗೆ ಹೆಚ್ಚು ಸರಿ ಎನ್ನಿಸುತ್ತದೆ.

ಭಾರತದ ವಿಷಯ ಬೇರೆ. ಇಲ್ಲಿ ಚಿರತೆ ಹಲ್ಲಿಗಳು ಹೊರಗಿನವಲ್ಲ. ಮಹಾರಾಷ್ಟ್ರ, ಗುಜರಾತುಗಳ ಒಣನೆಲದಲ್ಲಿ ಯೂಬ್ಲೆಫಾರಿಸ್ ಫುಸ್ಕಸ್ ಇದೆ, ಪೂರ್ವ ಭಾರತದಲ್ಲಿ ಹಾರ್ಡ್‌ವಿಕಿ ಇದೆ. ಸಾತ್ಪುಡ ಬೆಟ್ಟಗಳ ಹಲ್ಲಿಯನ್ನು 2014ರಲ್ಲಿ, ಪೂರ್ವಘಟ್ಟದ ಇನ್ನೊಂದನ್ನು 2022ರಲ್ಲಿ ಹೊಸ ಜಾತಿಗಳೆಂದು ವಿವರಿಸಿದ್ದಾರೆ. ಇವನ್ನು ಕಾಡಿನಿಂದ ಹಿಡಿದು ಪೆಟ್ಟಿಗೆಗೆ ಹಾಕುವ ಯೋಚನೆಯೂ ಬರಬಾರದು. ಪಾಕಿಸ್ತಾನದಿಂದ ಹೋಗಿ ಅಮೆರಿಕದಲ್ಲಿ ಬಣ್ಣ ಬದಲಿಸಿಕೊಂಡ ಸಾಕುಹಲ್ಲಿಗಳು ವಿಮಾನವೇರಿ ಇಲ್ಲಿಗೆ ಮರಳಿದರೆ ಅಪಾಯ ಇನ್ನೊಂದು ಬಗೆಯದು. ಬೇಡವಾದ ಮರಿಗಳನ್ನು ‘ಅವುಗಳ ಪಾಡಿಗೆ ಬದುಕಲಿ’ ಎಂದು ಊರಾಚೆಯ ಕಲ್ಲುಗುಡ್ಡದಲ್ಲಿ ಬಿಟ್ಟುಬಂದರೆ, ಬಿಟ್ಟ ಹಲ್ಲಿ ಸಾಯುವುದೇ ಹೆಚ್ಚು. ಬದುಕಿದರೆ ಪೆಟ್ಟಿಗೆಯ ರೋಗಗಳು ಕಾಡಿನ ಹಲ್ಲಿಗಳಿಗೆ ತಗುಲಬಹುದು, ಹತ್ತಿರದ ಜಾತಿಯೊಂದಿಗೆ ಬೆರಕೆಯೂ ಆಗಬಹುದು. 2023ರ ಆಗಸ್ಟಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಗಳಲ್ಲಿ ಕಸ್ಟಮ್ಸ್‌ನವರಿಗೆ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಊಸರವಳ್ಳಿ, ಆಮೆಗಳ ಜೊತೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೊಂದಿತ್ತು. ವಿದೇಶಿ ಪ್ರಾಣಿಗಳಿಗೆ ನಮ್ಮ ನಗರದಲ್ಲಿ ಗಿರಾಕಿಗಳಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕಿದವರು ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು ಎನ್ನುತ್ತವೆ. ಮರಿ ಹುಟ್ಟಿದ್ದನ್ನು ಸರ್ಕಾರಕ್ಕೆ ಹೇಳಬೇಕಾದ ಸಂಗತಿ ಎಂದು ಕಾನೂನು ಎಣಿಸಿದೆ, ಅದು ಮುಖ್ಯ. ಆ ಪಟ್ಟಿಯಾಚೆಗಿನ ಸಾಕುಸರೀಸೃಪಗಳಿಗೂ ಇದು ವಿಸ್ತರಿಸಬೇಕು. ಮಾರುವವರು ಲಿಂಗ ಖಚಿತವಾಗುವಷ್ಟು ಬೆಳೆದ ಹಲ್ಲಿಯನ್ನೇ, ಒಬ್ಬರಿಗೆ ಒಂದೊಂದಾಗಿಯೇ ಮಾರಬೇಕು ಎಂಬ ನಿಯಮ ಯಾವ ದೇಶದಲ್ಲಿ ಬಂದರೂ ಬೇಡದ ಮೊಟ್ಟೆಗಳು ಬಹುಪಾಲು ತಪ್ಪುತ್ತವೆ.

ಹೊರದೇಶದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ವೀಸಾ ಮೇಲೆ ಬದುಕುವ ಕುಟುಂಬಕ್ಕೆ ಐದು ವರ್ಷದಾಚೆಯ ಊರು ಯಾವುದೆಂದು ಗೊತ್ತಿರುವುದಿಲ್ಲ. ಕೆಲಸ ಹೋದರೆ ಎರಡೇ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಾಗಬಹುದು. ಹತ್ತು ವರ್ಷದ ಮಗು ಕೇಳಿದ ಹಲ್ಲಿ ಆ ಮಗುವಿನ ಮದುವೆಯವರೆಗೂ ಬದುಕಬಹುದು. ಆದ್ದರಿಂದ ಎಳೆಮರಿ ಕೊಳ್ಳುವ ಬದಲು ಆಶ್ರಯತಾಣದಿಂದ ಐದಾರು ವರ್ಷದ ಹಲ್ಲಿಯನ್ನು, ಗಂಡೋ ಹೆಣ್ಣೋ ಎಂದು ಖಚಿತವಾಗಿ ಗೊತ್ತಿರುವಂಥದ್ದನ್ನು, ಒಂದನ್ನೇ ತರಬಹುದು. ಪ್ರತಿ ತಿಂಗಳು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಕ ಬರೆದಿಡಬಹುದು. ತೂಕ ಇಳಿಯುವುದೇ ಕಾಯಿಲೆಯ ಮೊದಲ ಸುಳಿವು. ಊರು ಬಿಡುವ ದಿನ ಬಂದರೆ ಆ ತೂಕದ ಪಟ್ಟಿ, ಕೊನೆಯ ಮಲಪರೀಕ್ಷೆಯ ವರದಿ, ತಿನ್ನುವ ಹುಳಗಳ ವಿವರ, ಪೆಟ್ಟಿಗೆ ಮತ್ತು ಥರ್ಮೋಸ್ಟಾಟ್ ಎಲ್ಲವನ್ನೂ ಹಲ್ಲಿಯ ಜೊತೆಗೇ ಮುಂದಿನವರಿಗೆ ಕೊಡಬೇಕು. ಅವರ ಮನೆಯಲ್ಲಿ ಆಗಲೇ ಒಂದು ಹಲ್ಲಿ ಇದ್ದರೆ, ಇದನ್ನು ಬೇರೆ ಪೆಟ್ಟಿಗೆಯಲ್ಲೇ ಇಡುತ್ತೀರಾ ಎಂದು ಕೇಳಿ, ಹೌದು ಎಂದ ಮೇಲೆ ಕೊಡಬೇಕು.